ಈಶ್ವರಯ್ಯನವರ ನಾಲಿಗೆ

ಗಡಿಯಾಚೆ ಮರಾಠಿ ಸೀಮೆಯಲ್ಲಿ, ಔರಾದ ಶಹಾಜನಿಯಿಂದ ಸ್ವಲ್ಪ ದೂರ, ಕರಿನೆಲದ ನಡುವೆ ಇರುವ ಆ ಊರಿನಲ್ಲಿ ಈಶ್ವರಯ್ಯನವರು ಉಣ್ಣದ ಲಿಂಗಾಯತರ ಮನೆಯೇ ಇರಲಿಲ್ಲ. ಅವರದು ಜಂಗಮರ ಮನೆತನ. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದಕ್ಕೆ, ಹೊಸ ಮನೆಗೆ ಕಾಲಿಡುವುದಕ್ಕೆ, ಸತ್ತವರನ್ನು ಮಣ್ಣಿಗೆ ಇಳಿಸುವುದಕ್ಕೆ ಅವರೇ ಬರಬೇಕು. ಬಂದ ಮೇಲೆ ಉಂಡೇ ಹೋಗಬೇಕು. ಶ್ರಾವಣದಲ್ಲಂತೂ ದಿನಕ್ಕೊಂದು ಮನೆಯ ಕರೆ. ಹೀಗೆ ಐವತ್ತೆರಡು ವರ್ಷ, ನಲವತ್ತು ಮನೆ. ಈಗ ಅವರಿಗೆ ಎಪ್ಪತ್ತನಾಲ್ಕು. ಸಣಕಲು ದೇಹ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಒಂದು ಕಾವಿ ಚೀಲ. ನೋಡಿದರೆ ಇವರು ಜನ್ಮದಲ್ಲಿ ಹೊಟ್ಟೆ ತುಂಬ ಉಂಡಿದ್ದಾರೋ ಇಲ್ಲವೋ ಎನ್ನಿಸಬೇಕು.

ಉಂಡದ್ದರ ಬಗ್ಗೆ ಅವರು ಒಂದು ಮಾತೂ ಆಡುತ್ತಿರಲಿಲ್ಲ. ಚಲೋ ಆಗಿದೆ ಎಂದೂ ಇಲ್ಲ, ಉಪ್ಪು ಮುಂದಾಗಿದೆ ಎಂದೂ ಇಲ್ಲ. ಬಡಿಸಿದ್ದನ್ನು ಕಣ್ಣಿಗೊತ್ತಿಕೊಂಡು, ಒಂದಗುಳು ಬಿಡದೆ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿದು ಏಳುತ್ತಿದ್ದರು. ಅದು ಅವರ ತಂದೆ ಹಾಕಿಕೊಟ್ಟ ನೇಮ. ಪ್ರಸಾದಕ್ಕೆ ಗುಣ ಹೇಳಬಾರದು, ದೋಷವನ್ನಂತೂ ಹೇಳಲೇಬಾರದು. ಹಾಗಾಗಿ ಊರಿನ ಹೆಂಗಸರು, ಅಯ್ಯನವರಿಗೆ ನಾಲಿಗೆಯ ಆಸೆಯೇ ಇಲ್ಲ, ಏನು ಹಾಕಿದರೂ ಒಂದೇ ಎಂದುಕೊಂಡಿದ್ದರು. ಸಾರಿಕಾ ಕೂಡ ಹಾಗೇ ಅಂದುಕೊಂಡಿದ್ದಳು.

ಸಾರಿಕಾ ಉದಗೀರದ ಮಗಳು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ಮರಾಠಿ. ಮದುವೆಯಾಗಿ ಈ ಊರಿಗೆ ಬಂದು ಒಂಬತ್ತು ವರ್ಷ. ಗಂಡ ನಂದಕುಮಾರ ಹನ್ನೆರಡು ಎಕರೆಯಲ್ಲಿ ತೊಗರಿ, ಕಡಲೆ, ಜೋಳ ಬೆಳೆಯುವವನು. ಅತ್ತೆ ಬಸವೇಶ್ವರಿ ಇದ್ದಷ್ಟು ದಿನ ಅಡಿಗೆಮನೆ ಅತ್ತೆಯದೇ. ಎಳ್ಳ ಅಮಾವಾಸ್ಯೆ ಬಂತೆಂದರೆ ಸುತ್ತಲಿನ ನಾಲ್ಕು ಹೊಲದವರು ಬಸವೇಶ್ವರಿ ಮಾಡಿದ ಭಜ್ಜಿಗೆ ಬಂದು ಕೂರುತ್ತಿದ್ದರು. ಈ ಸೀಮೆಯಲ್ಲಿ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿಕಾಳು, ಹಸಿಕಡಲೆ, ಅವರೆ, ಬಟಾಣಿ, ಬದನೆ, ಗಜ್ಜರಿ, ಮೆಂತೆ, ಪಾಲಕ, ಈರುಳ್ಳಿ ತಪ್ಪಲು, ಹಸಿ ಬೆಳ್ಳುಳ್ಳಿ, ಆ ಹೊತ್ತಿಗೆ ಹೊಲ ಏನೇನು ಕೊಡುತ್ತದೋ ಅದಷ್ಟನ್ನೂ ಒಂದೇ ಗಡಿಗೆಯಲ್ಲಿ ಬೇಯಿಸಿ, ಕಡಲೆಹಿಟ್ಟು ಕದಡಿ ಹಾಕಿ ಕುದಿಸುವ ಪಲ್ಯ. ಸಜ್ಜೆಯ ಉಂಡೆ ಮುರಿದು ಅದರಲ್ಲಿ ಅದ್ದಿ ತಿನ್ನಬೇಕು, ಮೇಲೆ ಮಜ್ಜಿಗೆ ಹಾಕಿದ ಜೋಳದ ಅಂಬಲಿ ಕುಡಿಯಬೇಕು. ಜೋಳದ ದಂಟಿನ ಕಣಿಕೆ ನಿಲ್ಲಿಸಿ ಕಟ್ಟಿದ ಕೊಂಪೆಯ ನೆರಳಲ್ಲಿ, ಹೊಲದ ಲಕ್ಷ್ಮಿಗೆ ಎಡೆ ತೋರಿಸಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ದಿನ ಅದು.

ಹೋದ ಶ್ರಾವಣದಲ್ಲಿ ಬಸವೇಶ್ವರಿ ತೀರಿಕೊಂಡಳು. ಒಂದು ದಿನವೂ ಹಾಸಿಗೆ ಹಿಡಿಯದೆ, ಸಂಜೆ ಕಸ ಹೊಡೆಯುತ್ತಿದ್ದವಳು ಗೋಡೆಗೊರಗಿ ಕೂತಳು, ಅಷ್ಟೇ. ಆ ವರ್ಷದ ಎಳ್ಳ ಅಮಾವಾಸ್ಯೆಯ ಭಜ್ಜಿಯನ್ನು ಸಾರಿಕಾ ಒಬ್ಬಳೇ ಮಾಡಿದಳು. ಒಂಬತ್ತು ವರ್ಷ ಅತ್ತೆಯ ಪಕ್ಕ ನಿಂತು ಕಾಳು ಸುಲಿದವಳು, ತಪ್ಪಲು ಸೋಸಿದವಳು. ಯಾವುದು ಎಷ್ಟು, ಯಾವುದು ಮೊದಲು ಎಂಬುದೆಲ್ಲ ಕೈಗೆ ಗೊತ್ತಿತ್ತು. ಎಲ್ಲರೂ ಉಂಡರು. ನಂದಕುಮಾರ, "ಚಲೋ ಆಗ್ಯಾದ" ಎಂದು ತೊಗರಿ ಸಾಲಿನ ಕಡೆ ನೋಡುತ್ತ ಹೇಳಿದ. ಪಕ್ಕದ ಹೊಲದವರು ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಕೊನೆಗೆ ಸಾರಿಕಾ ತಾನೇ ಒಂದು ತುತ್ತು ಬಾಯಿಗಿಟ್ಟುಕೊಂಡಾಗ ಗೊತ್ತಾಯಿತು. ಎಲ್ಲ ಇತ್ತು. ಆದರೂ ಅತ್ತೆಯ ಭಜ್ಜಿ ಅದಾಗಿರಲಿಲ್ಲ.

ಆ ವಾರದಲ್ಲಿ ಮತ್ತೆ ಮೂರು ಸಲ ಮಾಡಿದಳು. ಹುಣಸೆ ಹೆಚ್ಚಿಸಿದಳು, ಕಡಿಮೆ ಮಾಡಿದಳು. ಹಿಟ್ಟನ್ನು ಹುರಿದು ಹಾಕಿದಳು. ಹುಳಿ ತಪ್ಪಲು ತಂದು ಸೇರಿಸಿದಳು. ಆಗಲಿಲ್ಲ. ಸೋಮವಾರ ಈಶ್ವರಯ್ಯನವರು ಪೂಜೆಗೆ ಬಂದಾಗ ನಾಲ್ಕನೆಯ ಭಜ್ಜಿಯನ್ನೇ ಬಡಿಸಿದಳು. ಅವರು ಎಂದಿನಂತೆ ತಲೆ ತಗ್ಗಿಸಿ ಉಂಡರು, ತಟ್ಟೆ ತೊಳೆದು ಕುಡಿದರು. ಸಾರಿಕಾಗೆ ತಡೆಯಲಾಗಲಿಲ್ಲ. ಹೊಸ್ತಿಲ ಹತ್ತಿರ ಕೂತುಬಿಟ್ಟಳು.

"ಅಪ್ಪೋರ, ಒಂದು ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನಮ್ಮ ಅತ್ತಿ ಮಾಡೂ ಭಜ್ಜಿ ನೀವು ಎಷ್ಟ್ ವರ್ಷ ಉಂಡೀರಿ. ಇದ್ರಾಗ ಏನು ಕಮ್ಮಿ ಅದ ರೀ?"

ಈಶ್ವರಯ್ಯನವರು ತಲೆ ಎತ್ತಿ ಅವಳ ಮುಖ ನೋಡಿದರು.

"ಪ್ರಸಾದ ಅದ ತಂಗಿ," ಎಂದರು. "ಪ್ರಸಾದಕ್ಕ ಹಂಗ ಕೇಳಬಾರ್ದವ್ವ."

ಚೀಲ ಕಂಕುಳಿಗೆ ಸೇರಿಸಿ ಹೊರಟುಹೋದರು. ಸಾರಿಕಾಗೆ ನಾಚಿಕೆಯೂ ಆಯಿತು, ಕೋಪವೂ ಬಂತು.

ಅದಾದ ಮೂರನೆಯ ದಿನ ಬೆಳಿಗ್ಗೆ, ಉಣ್ಣುವ ಹೊತ್ತೂ ಅಲ್ಲ, ಪೂಜೆಯ ಹೊತ್ತೂ ಅಲ್ಲ, ಈಶ್ವರಯ್ಯನವರು ತಾವಾಗಿಯೇ ಬಂದು ಕಟ್ಟೆಯ ಮೇಲೆ ಕೂತರು. ನಂದಕುಮಾರ ಔಷಧಿ ಹೊಡೆಯುವ ಪಂಪು ತೊಳೆಯುತ್ತಿದ್ದವನು ಕೈ ಒರೆಸಿಕೊಂಡು ಬಂದ. ಸಾರಿಕಾ ನೀರು ತಂದಿಟ್ಟಳು.

"ಎರಡ ದಿನ ನಿದ್ದಿ ಇಲ್ಲ ನನಗ," ಎಂದರು ಅಯ್ಯನವರು. "ನಮ್ಮಪ್ಪ ಹೇಳಿದ್ದು ಏನು? ತಾಟಿನಾಗ ಇದ್ದದ್ದಕ್ಕ ಹೆಸರಿಡಬ್ಯಾಡ ಅಂತ. ಹೋದವ್ರ ಕೈ ರುಚಿ ಹೇಳಬ್ಯಾಡ ಅಂತ ಅಂವಾ ಹೇಳಿಲ್ಲ. ನಾ ಹೇಳ್ಲಿಲ್ಲಂದ್ರ ಅದು ನನ್ನ ಸಂಗಾಟನೇ ಮಣ್ಣಾಗಿ ಹೋಗ್ತದ. ನಿನ್ನ ಭಜ್ಜಿ ಮಾತು ನಾ ಆಡೂದಿಲ್ಲ. ಬಸವೇಶ್ವರಿದು ಹೇಳ್ತೀನಿ, ಕೇಳು."

ಕಣ್ಣು ಮುಚ್ಚಿಕೊಂಡರು. ಅವರ ಗಂಟಲ ಗಂಟು ಒಮ್ಮೆ ಮೇಲೆ ಕೆಳಗೆ ಆಡಿತು, ಈಗಷ್ಟೇ ತುತ್ತು ನುಂಗಿದವರಂತೆ.

"ಆಕಿ ಭಜ್ಜಿಯೊಳಗ ಹುಣಸಿ ಇರ್ಲಿಲ್ಲ. ಹುಣಸಿ ಹುಳಿ ಗಂಟಲಕ್ಕ ಹೋಗಿ ಕುಂದರ್ತದ. ಆಕಿದು ನಾಲಿಗಿ ಎರಡೂ ಬಾಜೂಕ ಚುರ್ ಅಂತ ಹಿಡಿದು, ಹಿಂದಿಂದ ತಂಪ ಮಾಡ್ತಿತ್ತು. ಅದು ಕಡಲಿ ಹುಳಿ."

"ಕಡಲಿ ಹುಳಿ ಅಂದ್ರ?" ಸಾರಿಕಾ ಕೇಳಿದಳು.

"ಚಳಿಗಾಲದಾಗ ಕಡಲಿ ಗಿಡದ ಮ್ಯಾಲ ಇಬ್ಬನಿ ಬೀಳ್ತದಲ್ಲ, ಅದು ಗಿಡದ ಉಪ್ಪು ಹುಳಿ ಎಲ್ಲಾ ಎಳಕೊಂಡು ಕುಂತಿರ್ತದ. ಹೊತ್ತು ಮುಣುಗೂದಕ್ಕ ಒಂದು ತೆಳ್ಳನ ಧೋತರ ಗಿಡದ ಮ್ಯಾಲ ಹಾಸಿ ಬರಬೇಕು. ನಸುಕಿನಾಗ, ಬಿಸಿಲು ಬೀಳೂದ್ರೊಳಗ ಹೋಗಿ ಹಿಂಡಬೇಕು. ನಾ ಬೆಳಗ್ಗೆ ಜಳಕಕ್ಕ ಬಾವಿಗೆ ಹೋಗ್ತಿದ್ನಲ್ಲ, ನಿಮ್ಮ ಹೊಲದಾಗ ಬಿಳಿ ಅರಬಿ ಹಾಸಿದ್ದು ಪ್ರತಿ ವರ್ಷ ಕಾಣ್ತಿತ್ತು. ಆಕಿ ಬೆರಳಿನ ಸಂದಿ ಆ ದಿನದಾಗ ಸೀಳಿರ್ತಿತ್ತು, ನೋಡಿಲ್ಲೇನು ನೀ?"

ಸಾರಿಕಾ ನೋಡಿದ್ದಳು. ಚಳಿಗೆ ಒಡೆದದ್ದೆಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿಯೂ ಇದ್ದಳು. ಹಬ್ಬದ ಬೆಳಿಗ್ಗೆ ಅತ್ತೆ ಎಲ್ಲರಿಗಿಂತ ಮೊದಲೆದ್ದು ಹೊಲದ ಕಡೆ ಹೋಗುತ್ತಿದ್ದದ್ದೂ, ಸೆರಗಿನ ಕೆಳಗೆ ಒಂದು ತಂಬಿಗೆ ಹಿಡಿದು ಬರುತ್ತಿದ್ದದ್ದೂ ಗೊತ್ತಿತ್ತು. ಬಯಲಿಗೆ ಹೋಗಿ ಬಂದರು ಎಂದುಕೊಂಡಿದ್ದಳೇ ಹೊರತು ಕೇಳಿರಲಿಲ್ಲ. ಗಡಿಗೆಗೆ ಹುಳಿ ಬಿಡುವ ಹೊತ್ತಿಗೆ ತಾನು ಸಜ್ಜೆಯ ಉಂಡೆ ಕಟ್ಟುತ್ತಿರುತ್ತಿದ್ದಳು; ಅದು ಹುಣಸೆಯೆಂದೇ ತಿಳಿದಿದ್ದಳು. ಅತ್ತೆ ಮುಚ್ಚಿಟ್ಟಿದ್ದಳೆಂದೂ ಅಲ್ಲ; ತಾನು ಮಾಡುವುದರಲ್ಲಿ ಹೇಳುವಂಥದ್ದೇನಿದೆ ಎಂದು ತಿಳಿದವಳು ಆಕೆ.

ಆ ಸಂಜೆಯೇ ನಂದಕುಮಾರನ ಒಂದು ಹಳೆಯ ಧೋತರವನ್ನು ಒಗೆದು ಒಣಗಿಸಿ, ಸಾರಿಕಾ ಕಡಲೆ ಸಾಲಿನ ಮೇಲೆ ಹಾಸಿ ಬಂದಳು. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಹೋದರು. ಮೂಡಲಲ್ಲಿ ಇನ್ನೂ ಬೂದಿ ಬಣ್ಣ. ಧೋತರ ನೀರಲ್ಲಿ ಅದ್ದಿ ತೆಗೆದಂತೆ ಭಾರವಾಗಿ ಗಿಡಗಳಿಗೆ ಅಂಟಿಕೊಂಡಿತ್ತು. ಎರಡು ತುದಿ ಇಬ್ಬರು ಹಿಡಿದು ತಿರುವಿದಾಗ ತಂಬಿಗೆಯೊಳಗೆ ನೀರು ಸಣ್ಣಗೆ ಸುರಿಯಿತು. ಮುಗಿಲಿಂದ ಬಿದ್ದ ನೀರು, ನೆಲದಿಂದ ಬಂದ ಹುಳಿ, ಎರಡೂ ಎಲೆಯ ಮೇಲೆ ಕೂಡಿದ್ದವು. ಸಾರಿಕಾ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ನಾಲಿಗೆಯ ಎರಡೂ ಬದಿ ಚುರ್ ಎಂದಿತು. ಅಯ್ಯನವರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಒಂಬತ್ತು ವರ್ಷ ತಾನು ತುಳಿದಾಡಿದ ಹೊಲ ಇದೇನಾ ಎಂದು ಅವಳು ಸುತ್ತ ನೋಡಿದಳು. ಸಾಲಿಗೆ ಸಾಲು ಗಿಡಗಳು ಆ ಹುಳಿಯನ್ನು ಹೊತ್ತುಕೊಂಡು ಸುಮ್ಮನೆ ನಿಂತಿದ್ದವು.

ಮಧ್ಯಾಹ್ನದ ಭಜ್ಜಿಯ ಮೊದಲ ತುತ್ತಿಗೆ ನಂದಕುಮಾರ ತಟ್ಟೆ ಕೆಳಗಿಟ್ಟ. "ಅವ್ವ," ಎಂದ. ಎದ್ದು ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದು ಮತ್ತೆ ಉಣ್ಣಲು ಕೂತ.

ಮಾರನೆಯ ದಿನ ಈಶ್ವರಯ್ಯನವರನ್ನು ಕಾಣಲು ಸಾರಿಕಾಳೇ ಅವರ ಮನೆಗೆ ಹೋದಳು. ಜೊತೆಗೆ ನಂದಕುಮಾರನೂ ಹೊರಟ. ಅವನಿಗೆ ಒಂದು ಅನುಮಾನ. ಅವ್ವನ ಭಜ್ಜಿ ವರ್ಷಾವರ್ಷ ಉಂಡದ್ದು, ನೆನಪಿರಬಹುದು. ಅವ್ವನ ಅತ್ತೆ, ತನ್ನ ಆಯಿ, ಸತ್ತು ಇಪ್ಪತ್ತೆಂಟು ವರ್ಷ. "ನಮ್ಮ ಆಯಿದು ಏನರ ನೆನಪದ ಏನ್ರಿ ಅಪ್ಪೋರ?" ಎಂದು ಕೇಳಿಯೇಬಿಟ್ಟ.

"ನಿಮ್ಮ ಆಯಿ ಶೇಂಗಾ ಹೋಳಿಗಿ," ಎಂದರು ಅಯ್ಯನವರು ತಡಮಾಡದೆ. "ಶೇಂಗಾ ಹುರದು ಸಿಪ್ಪಿ ಪೂರಾ ತೆಗೀತಿರ್ಲಿಲ್ಲ, ಅರ್ಧ ಬಿಡ್ತಿದ್ಳು. ಅದಕ್ಕ ಜರಾ ಒಗರು. ಬೆಲ್ಲದ ಸಂಗಾಟ ಎರಡ ಕಾಳು ಮೆಣಸು ಕುಟ್ಟಿ ಹಾಕ್ತಿದ್ಳು. ಸೀ ಮುಗದ ಮ್ಯಾಲ ಖಾರ ಬರ್ತಿತ್ತು, ಹಿಂದಿನ ಬಾಗಿಲದಿಂದ ಯಾರೋ ಬಂದಂಗ."

ಸಣ್ಣವನಿದ್ದಾಗ ಹೋಳಿಗೆ ತಿಂದು ನೀರಿಗೆ ಓಡುತ್ತಿದ್ದದ್ದು ನಂದಕುಮಾರನಿಗೆ ಈಗ ನೆನಪಾಯಿತು. ಯಾಕೆ ಓಡುತ್ತಿದ್ದೆ ಎಂಬುದು ನಲವತ್ತು ವಯಸ್ಸಾದರೂ ಗೊತ್ತಿರಲಿಲ್ಲ.

ಆಮೇಲೆ ಅವರು ಒಂದೊಂದೇ ಮನೆ ಹೇಳುತ್ತ ಹೋದರು. ಮೇಲಿನ ಓಣಿಯ ದೊಡ್ಡಮನೆಯಲ್ಲಿ ಮೂರು ತಲೆಮಾರಿನ ಮೂರು ಬಗೆಯ ಅಂಬಲಿ. ಮೊದಲನೆಯದಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕುತ್ತಿದ್ದರು, ಎರಡನೆಯ ಸೊಸೆ ಜೀರಿಗೆ ತಂದಳು, ಮೂರನೆಯವಳು ಜಳಕೋಟದ ತವರಿನಿಂದ ಹಸಿಶುಂಠಿ ತಂದಳು. ಕಟ್ಟೆಮನೆಯ ಅಗಸಿ ಚಟ್ನಿಯಲ್ಲಿ ಹುರಿದ ಜೋಳದ ಒಂದು ಹಿಡಿ. ಯಾವ ಮನೆಯ ರೊಟ್ಟಿಗೆ ಯಾವ ಬಾವಿಯ ನೀರು. ಅಯ್ಯನವರು ಹೇಳುತ್ತಿದ್ದದ್ದು ಅಡಿಗೆಯ ಮಾತೇ, ಆದರೆ ಸಾರಿಕಾಗೆ ಕೇಳಿಸುತ್ತಿದ್ದದ್ದು ಸತ್ತ ಹೆಂಗಸರ ಹೆಜ್ಜೆಯ ಸಪ್ಪಳ. ಇಡೀ ಊರಿನ ಒಲೆಗಳು ಈ ಒಬ್ಬ ಮುದುಕನ ಬಾಯೊಳಗೆ ಆರದೆ ಉರಿಯುತ್ತಿದ್ದವು. ಇದನ್ನು ಇಷ್ಟು ವರ್ಷ ಹೊತ್ತುಕೊಂಡು ಇವರು ನಮ್ಮ ನಡುವೆ ಸುಮ್ಮನೆ ಹೇಗೆ ತಿರುಗಾಡಿದರು ಎಂದು ಅವಳಿಗೆ ಒಂದು ಥರ ಭಯವೇ ಆಯಿತು.

ಒಳಗಿನಿಂದ ಅವರ ಹೆಂಡತಿ ನೀಲಗಂಗಮ್ಮ ಚಹಾ ತಂದಿಟ್ಟು, "ಊರ ಮಂದಿದು ಎಲ್ಲಾ ಹೇಳ್ತಾರ. ನನ್ನ ಕೈದು ಏನರ ಹೇಳ್ತಾರೇನು ಕೇಳು ತಂಗಿ," ಎಂದಳು.

ಅಯ್ಯನವರು ಪೆಚ್ಚಾದರು. "ನಾ ಮನ್ಯಾಗ ಉಂಡದ್ದು ಎಷ್ಟು ದಿನ?" ಎಂದರು. ನೀಲಗಂಗಮ್ಮ ನಕ್ಕಳು, ಪೂರಾ ನಗುವಾಗಿರಲಿಲ್ಲ ಅದು.

ಸಾರಿಕಾ ಒಂದು ನೂರು ಪುಟದ ವಹಿ ತಂದಳು. ಕನ್ನಡ ಅಕ್ಷರ ಅವಳಿಗೆ ಬಾರದು. ಆಡಿದ ಕನ್ನಡವನ್ನೇ ಮರಾಠಿ ಅಕ್ಷರದಲ್ಲಿ ಬರೆದುಕೊಂಡಳು. ಬರೆಯಲಾಗದ ಕಡೆ ಮೊಬೈಲಿನಲ್ಲಿ ಧ್ವನಿ ತುಂಬಿಕೊಂಡಳು. ಅದರಲ್ಲಿ ಒಂದೆರಡನ್ನು ನೆಂಟರ ಗುಂಪಿಗೆ ಕಳಿಸಿದಳು, ಅಲ್ಲಿಂದ ಅದು ನಿಲಂಗಾ, ಉಮರ್ಗಾ ಎಂದು ಎಲ್ಲೆಲ್ಲಿಗೋ ಹೋಯಿತು.

ಬೇಸಿಗೆಯ ಮೊದಲಲ್ಲಿ ಒಂದು ದಿನ ಉಮರ್ಗಾದಿಂದ ಒಬ್ಬ ಹೆಂಗಸು ಎಸ್‌ಟಿ ಬಸ್ಸು ಹತ್ತಿ, ನಿಲಂಗಾದಲ್ಲಿ ಬದಲಿಸಿ, ಆ ಧ್ವನಿ ಕೇಳಿ ಸಾರಿಕಾಳ ಮನೆ ಹುಡುಕಿಕೊಂಡು ಬಂದಳು. ಹೆಸರು ಪ್ರಯಾಗಬಾಯಿ. ಸುಮಾರು ನಲವತ್ತರ ಹತ್ತಿರದವಳು, ಅಂಗನವಾಡಿಯಲ್ಲಿ ಕೆಲಸ. ಚಪ್ಪಲಿ ಬಿಟ್ಟು ಒಳಗೆ ಬಂದವಳು ಕೂರಲೂ ಇಲ್ಲ. ಸಾರಿಕಾ ಅವಳನ್ನು ಈಶ್ವರಯ್ಯನವರ ಮನೆಗೆ ಕರೆದೊಯ್ದಳು.

ಅವಳದು ಲೋಹಾರಾ ಸೀಮೆಯ ಊರು, ಮಾಕಣಿಯ ಆಚೆ. ತೊಂಬತ್ತಮೂರರ ಭೂಕಂಪದಲ್ಲಿ ಆ ಊರು ನೆಲಕ್ಕೆ ಸಮವಾಯಿತು. ಆಗ ಅವಳಿಗೆ ಏಳು ವರ್ಷ. ಅಂದು ಸೋದರಮಾವನ ಮನೆಯಲ್ಲಿದ್ದಳು, ಹಾಗಾಗಿ ಉಳಿದಳು. ಮನೆಯ ಉಳಿದವರೆಲ್ಲ ಕಲ್ಲಿನ ಕೆಳಗೆ ಹೋದರು. ಅವ್ವ ಕಾಂತಾಬಾಯಿಯದು ಒಂದು ಫೋಟೋ ಕೂಡ ಸಿಗಲಿಲ್ಲ.

"ಮಾಮಾ ಹೇಳ್ತಿದ್ದ, ನಿಲಂಗಾ ಕಡಿಯಿಂದ ಅಯ್ನೋರು ನಮ್ಮ ಊರಿಗೆ ಮಠದ ಕೆಲಸಕ್ಕ ಬರ್ತಿದ್ರು ಅಂತ. ನೀವೇ ಏನ್ರಿ?" ಎಂದಳು ಪ್ರಯಾಗಬಾಯಿ. "ನನಗ ಅವ್ವನ ಮುಖನೂ ನೆನಪಿಲ್ಲ ಅಪ್ಪೋರ. ಆಕಿ ಕೈಲಿಂದ ಏನು ಉಂಡಿದ್ದೆ, ಅದೂ ನೆನಪಿಲ್ಲ."

ಈಶ್ವರಯ್ಯನವರು ಹಲವು ಪ್ರಶ್ನೆ ಕೇಳಿದರು. ಮನೆ ಎಲ್ಲಿತ್ತು, ಊರ ಅಗಸೆಬಾಗಿಲ ಒಳಗೋ ಹೊರಗೋ, ಮನೆಯ ಬಾಗಿಲು ಯಾವ ಮುಖ. ಅವಳಿಗೆ ಮಾವ ಹೇಳಿದ್ದಷ್ಟೇ ಗೊತ್ತು: ಬಾವಿಯ ಎದುರು, ಬೇವಿನ ಮರದ ಮನೆ. ಅಯ್ಯನವರು ಕಣ್ಣು ಮುಚ್ಚಿದರು. ಈ ಸಲ ಬಹಳ ಹೊತ್ತಾಯಿತು. ನೀಲಗಂಗಮ್ಮ ಮೊರ ಕೆಳಗಿಟ್ಟು ಬಂದು ಬಾಗಿಲಲ್ಲಿ ನಿಂತಳು. ಸಾರಿಕಾ ಮೊಬೈಲು ಹಿಡಿದಿದ್ದಳು. ಗುಂಡಿ ಒತ್ತುವುದನ್ನೇ ಮರೆತಳು.

"ಒಮ್ಮೆ ಉಂಡೀನಿ," ಎಂದರು ಕೊನೆಗೆ. "ಒಂದೇ ಸಲ. ಭೂಕಂಪಕ್ಕ ಎರಡ ವರ್ಷ ಮದಲ. ಮುಖ ನನಗೂ ನೆನಪಿಲ್ಲ ತಂಗಿ, ಸುಳ್ಳು ಹೇಳೂದಿಲ್ಲ. ಬೇವಿನ ಗಿಡ ಇತ್ತು. ಗೋಧಿ ಹುಗ್ಗಿ ಮಾಡಿದ್ರು. ಮನ್ಯಾಗ ಹೈನ ಇರ್ಲಿಲ್ಲ ಆ ಹೊತ್ತಿನಾಗ. ಹಾಲಿಲ್ಲದ ಹುಗ್ಗಿ ಅಯ್ನೋರಿಗೆ ಹ್ಯಾಂಗ ನೀಡೂದು ಅಂತ ಆಕಿ ಕುಸುಬಿ ಅರದು ಹಾಲು ತೆಗೆದು ಹಾಕಿದ್ಳು. ಬೆಲ್ಲ, ಒಣಶುಂಠಿ, ಜರಾ ಗಸಗಸಿ. ಕುಸುಬಿ ಹಾಲು ಭಾಳ ಮಂದಿ ಮಾಡ್ತಾರ, ಕಮಟು ಬರ್ತದ. ಆಕಿದು ಬರಲಿಲ್ಲ. ಕುಸುಬಿ ಬಿಸಿನೀರಿನಾಗ ಒಂದು ತಾಸು ನೆನೆಹಾಕಿ, ಮ್ಯಾಲ ತೇಲಿದ ಜೊಳ್ಳು ತೆಗೆದು ಅರದಿರ್ಬೇಕು. ತೆಂಗಿನ ಹಾಲಿನಂಗ ಆಗಿತ್ತು."

ಮಾತು ನಿಲ್ಲಿಸಿದರು. ಇನ್ನೂ ಏನೋ ಇದೆ, ಹೇಳುತ್ತಿಲ್ಲ ಎಂಬುದು ಸಾರಿಕಾಗೆ ಕಂಡಿತು. ಅಯ್ಯನವರು ಕೊರಳ ಲಿಂಗವನ್ನು ಮುಟ್ಟಿಕೊಂಡರು.

"ನಮ್ಮಪ್ಪ ಕ್ಷಮಾ ಮಾಡ್ಲಿ," ಎಂದರು ಸಣ್ಣ ದನಿಯಲ್ಲಿ. "ತಳ ಹಿಡಿದಿತ್ತು. ಭಾಳ ಅಲ್ಲ, ಜರಾ. ಹೊಗಿ ವಾಸನಿ ಹುಗ್ಗಿ ತುಂಬ ಇತ್ತು. ಆಕಿ ಅದಕ್ಕ ಮುಜುಗರ ಪಟ್ಟು ಬಾಗಿಲ ಹಿಂದೆ ನಿಂತಿದ್ಳು, ಮುಂದ ಬರ್ಲಿಲ್ಲ. ಅದಕ್ಕೇ ನಾ ಮುಖ ನೋಡಿಲ್ಲ."

ಐವತ್ತೆರಡು ವರ್ಷದಲ್ಲಿ ಅವರು ಒಂದು ಮನೆಯ ಅನ್ನದಲ್ಲಿ ದೋಷ ಹೇಳಿದ್ದು ಅದೇ ಮೊದಲು. ಪ್ರಯಾಗಬಾಯಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಖರೇ ಅದ ರೀ," ಎಂದಳು. "ಮಾಮಾ ಅಂತಿದ್ದ, ನಿಮ್ಮವ್ವಂದು ಏನು ಇಟ್ಟರೂ ತಳ ಹತ್ತತಿತ್ತು, ಮಾತಿಗೆ ಕುಂತ್ರ ಒಲಿ ಮರೀತಿದ್ಳು ಅಂತ. ಇದು ನಾ ಯಾರ ಮುಂದೂ ಹೇಳಿಲ್ಲ ರೀ. ಮಾಮಾ ಸತ್ತು ಹತ್ತು ವರ್ಷಾತು."

ಒಂದು ಊರೇ ಮಣ್ಣಾಗಿದ್ದರೂ, ಅಲ್ಲಿ ಒಂದು ಮಧ್ಯಾಹ್ನ ತಳ ಹಿಡಿದ ಹುಗ್ಗಿಯ ಹೊಗೆ ಮೂವತ್ತು ವರ್ಷದಾಚೆ ಇಲ್ಲಿ, ಈ ಪಡಸಾಲೆಯಲ್ಲಿ, ಆಡುತ್ತಿದೆ ಎನ್ನಿಸಿ ಸಾರಿಕಾ ಕೈಜೋಡಿಸಿದಳು. ಯಾರಿಗೆಂದು ಅವಳಿಗೂ ಗೊತ್ತಾಗಲಿಲ್ಲ.

ಅವತ್ತೇ ಹುಗ್ಗಿ ಮಾಡಿದರು. ಕುಸುಬೆ ಸಾರಿಕಾಳ ಮನೆಯಿಂದ ಬಂತು. ನೀಲಗಂಗಮ್ಮ ಗೋಧಿ ಕುಟ್ಟಿದಳು. ಪ್ರಯಾಗಬಾಯಿಯೇ ಕುಸುಬೆ ನೆನೆಹಾಕಿ, ಜೊಳ್ಳು ಸೋಸಿ, ಒರಳಲ್ಲಿ ಅರೆದಳು. ಬಿಳಿ ಅರಿವೆಯಲ್ಲಿ ಹಿಂಡಿದಾಗ ದಪ್ಪ ಹಾಲು ಬಂತು. ಹುಗ್ಗಿ ಕುದಿಯುವಾಗ ನೀಲಗಂಗಮ್ಮ ಅಭ್ಯಾಸಬಲದಿಂದ ಸೌಟು ಹಾಕಿ ತಿರುವಲು ಹೋದಳು.

"ಬ್ಯಾಡ್ರಿ," ಎಂದು ಪ್ರಯಾಗಬಾಯಿ ಅವಳ ಕೈ ಹಿಡಿದಳು. "ಸ್ವಲ್ಪ ಹತ್ಲಿ."

ಮೂವರು ಹೆಂಗಸರು ಒಲೆಯ ಮುಂದೆ ಕೂತು, ತಳ ಹಿಡಿಯಲಿ ಎಂದು ಕಾದರು. ವಾಸನೆ ಎದ್ದಾಗ ಅಯ್ಯನವರು ಪಡಸಾಲೆಯಿಂದಲೇ, "ಸಾಕು, ಇಳಿಸ್ರಿ," ಎಂದು ಕೂಗಿದರು.

ಪ್ರಯಾಗಬಾಯಿ ಮೊದಲು ಅವರಿಗೇ ಬಡಿಸಿದಳು. ಅವರು ಕಣ್ಣಿಗೊತ್ತಿಕೊಂಡು ಉಂಡರು. ಆಮೇಲೆ ಅವಳು ಉಂಡಳು. ಮೊದಲ ತುತ್ತಿಗೆ ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೆಯದಕ್ಕೂ ಇಲ್ಲ. ನೆನಪು ಬಂದಿತೋ ಇಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಗಡಿಗೆಯ ತಳಕ್ಕೆ ಬಂದಾಗ ಅವಳು ಸೌಟು ಬಿಟ್ಟು ಉಗುರಿನಿಂದಲೇ ಕೆರೆದು, ಕಂದು ಬಣ್ಣದ ಚಕ್ಕೆಯನ್ನು ಬಾಯಿಗಿಟ್ಟುಕೊಂಡಳು. ಅಗಿಯುತ್ತ ಅಗಿಯುತ್ತ ಅವಳ ಭುಜ ಸಡಿಲಾಯಿತು. "ಇದು ನಾ ಕೆರಕೊಂಡು ತಿಂತಿದ್ದೆ," ಎಂದಳು. "ಕಟ್ಟಿ ಮ್ಯಾಲ ಕುಂತು. ಆಕಿ ಗಡಗಿ ಕೊಟ್ಟು ಬಿಡ್ತಿದ್ಳು."

ಆ ಸಂಜೆಯ ಬಸ್ಸಿಗೆ ಅವಳು ಉಮರ್ಗಾಕ್ಕೆ ಹೊರಟಳು. ಸಾರಿಕಾ ಒಂದು ಸೇರು ಕುಸುಬೆ ಕಟ್ಟಿಕೊಟ್ಟಳು. ಈಗ ಅವಳ ಇಬ್ಬರು ಹೆಣ್ಣುಮಕ್ಕಳಿಗೂ ಆ ಹುಗ್ಗಿ ಬರುತ್ತದಂತೆ. ತಳದ ಚಕ್ಕೆಗೆ ಜಗಳವಾಡುತ್ತಾರಂತೆ.

ಸಾರಿಕಾಳ ಮೊದಲ ವಹಿ ತುಂಬಿ ಎರಡನೆಯದು ನಡೆದಿದೆ. ಇಪ್ಪತ್ತಾರು ಮನೆ ಆಗಿವೆ, ಇನ್ನು ಹದಿನಾಲ್ಕು ಉಳಿದಿವೆ. ಗುರುವಾರ ಗುರುವಾರ ಅಯ್ಯನವರು ಬಂದು ಕಟ್ಟೆಯ ಮೇಲೆ ಕೂರುತ್ತಾರೆ, ಕಣ್ಣು ಮುಚ್ಚುತ್ತಾರೆ, ಅವಳು ಪೆನ್ನು ಹಿಡಿಯುತ್ತಾಳೆ. ಈಚೆಗೆ ಒಂದು ಬದಲಾವಣೆಯಾಗಿದೆ. ವಾರದಲ್ಲಿ ಎರಡು ದಿನ ಅವರು ಯಾರ ಕರೆಯನ್ನೂ ಒಪ್ಪುವುದಿಲ್ಲ. ಕೇಳಿದರೆ, "ಮನ್ಯಾಗ ಅಡಗಿ ಆಗ್ಯಾದ," ಎನ್ನುತ್ತಾರೆ. ನೀಲಗಂಗಮ್ಮ ಆ ದಿನ ನಸುಕಿಗೇ ಎದ್ದು ಜೋಳ ಬೀಸಲು ಕೂರುತ್ತಾಳೆ.